ಮದರಾಸಿನ ಗೋರಿ, ಬೋಸ್ಟನ್ನಿನ ಮನೆತನ

ಚೆನ್ನೈಗೆ ವರ್ಗವಾಗಿ ಬಂದ ಹೊಸತರಲ್ಲಿ ಕಚೇರಿಯ ಕೆಲಸದ ಮೇಲೆ ಸೇಂಟ್ ಜಾರ್ಜ್ ಕೋಟೆಗೆ ಹೋಗಿದ್ದೆವು. ಕೆಲಸ ಬೇಗನೆ ಮುಗಿಯಿತು. ಉಳಿದ ಹೊತ್ತನ್ನು ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿನ ತಂಪಿನಲ್ಲಿ ಕಳೆದೆವು. ಅದು ಪ್ರಾರ್ಥನೆಗೆ ತೆರೆದದ್ದು 1680ರ ಅಕ್ಟೋಬರ್ ಕೊನೆಯಲ್ಲಿ. ವಾರ ಕಳೆದು ನವೆಂಬರ್ 4ರಂದು ಅಲ್ಲಿ ನಡೆದ ಮೊದಲ ಮದುವೆಯ ವರ ಎಲೈಹು ಯೇಲ್. ಇಂಗ್ಲಿಷ್ ಎಂ.ಎ. ಓದುವಾಗ ಎಷ್ಟೋ ವಿಮರ್ಶಾ ಗ್ರಂಥಗಳ ಬೆನ್ನಿನ ಮೇಲೆ ನಾವು ಕಂಡ ಹೆಸರು ಅದು. ಒಬ್ಬ ಮನುಷ್ಯನಿಗೂ ಆ ಹೆಸರಿದ್ದೀತೆಂದು ಅಂದು ಹೊಳೆದಿರಲಿಲ್ಲ.

ಅಂದಿನಿಂದ ನಮ್ಮ ರಜೆಗಳು ಆತನ ವಂಶವನ್ನು ಹುಡುಕುವುದರಲ್ಲಿಯೇ ಕಳೆದವು. ವೇಲ್ಸ್‌ನ ಒಂದು ಗುಡ್ಡಗಾಡು ಸೀಮೆಯ ಹೆಸರೇ ಮನೆತನಕ್ಕೆ ಬಂದದ್ದು. ಊರಿನ ಹೆಸರಿಟ್ಟುಕೊಳ್ಳುವ ನಮ್ಮವರಿಗೆ ಇದೇನೂ ಹೊಸದಲ್ಲ. ನಮ್ಮನ್ನು ಹಿಡಿದು ನಿಲ್ಲಿಸಿದವಳು ಆತನ ಅಜ್ಜಿ ಆ್ಯನ್. ಗಂಡ ತೀರಿಕೊಂಡ ಮೇಲೆ ಥಿಯೋಫಿಲಸ್ ಈಟನ್ ಎಂಬ ವ್ಯಾಪಾರಿಯನ್ನು ಮರುಮದುವೆಯಾಗಿ, ಮಕ್ಕಳನ್ನು ಕಟ್ಟಿಕೊಂಡು 1637ರಲ್ಲಿ ಬೋಸ್ಟನ್ನಿಗೆ ಹಡಗು ಹತ್ತಿದಳು. ಮರುವರ್ಷ ನ್ಯೂ ಹೇವನ್ ವಸಾಹತು ಹುಟ್ಟಿತು; ಈಟನ್ ಅದರ ಮೊದಲ ಗವರ್ನರ್ ಆದ. ಆದರೆ ಶಿಶುಗಳಿಗೆ ದೀಕ್ಷಾಸ್ನಾನ ಮಾಡಿಸುವುದು ಸರಿಯಲ್ಲವೆಂದು ಹಟ ಹಿಡಿದ ಈ ಹೆಂಗಸನ್ನು 1645ರಲ್ಲಿ ಚರ್ಚು ಬಹಿಷ್ಕರಿಸಿತು. ಗವರ್ನರನ ಹೆಂಡತಿಯೆಂಬ ದಾಕ್ಷಿಣ್ಯವೂ ಉಳಿಯಲಿಲ್ಲ.

ಆಕೆಯ ಮಗ ಡೇವಿಡ್ ಬೋಸ್ಟನ್ನಿಗೆ ಹೋದ. ಅಲ್ಲಿ 1649ರಲ್ಲಿ ಹುಟ್ಟಿದ ಎಲೈಹು ಮೂರರ ವಯಸ್ಸಿಗೆ ತಂದೆತಾಯಿಯರೊಡನೆ ಇಂಗ್ಲೆಂಡಿಗೆ ತೆರಳಿದ. ಮತ್ತೆಂದೂ ಅಮೆರಿಕದ ನೆಲ ತುಳಿಯಲಿಲ್ಲ. ಅಲ್ಲಿಯೇ ಉಳಿದದ್ದು ಚಿಕ್ಕಪ್ಪ ಥಾಮಸನ ಕವಲು. ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟವನಿಗೆ ಆ ದೇಶದಲ್ಲಿ ಸ್ವಂತ ಕುಡಿಯಿಲ್ಲ.

1672ರಲ್ಲಿ ಗುಮಾಸ್ತನಾಗಿ ಮದರಾಸಿಗೆ ಬಂದವನು 1687ರಲ್ಲಿ ಕೋಟೆಯ ಗವರ್ನರ್ ಆದ. ಖಾಸಗಿ ವ್ಯಾಪಾರದ ಆರೋಪ ಹೊತ್ತು 1692ರಲ್ಲಿ ಕುರ್ಚಿ ಬಿಟ್ಟ. 1718ರಲ್ಲಿ ಆತ ಕಾಲೇಜಿಗೆ ಕಳುಹಿಸಿದ ಒಂಬತ್ತು ಮೂಟೆ ಸರಕು ಸುಮಾರು 562 ಪೌಂಡಿಗೆ ಮಾರಾಟವಾಯಿತು. ಒಂದು ಹೆಸರಿಗೆ ಅಷ್ಟೇನೂ ದುಬಾರಿಯಲ್ಲ. ಕೋಟೆಯ ಸಭೆಯ ದಾಖಲೆಗಳಲ್ಲಿ ಗುಲಾಮರನ್ನು ಹಡಗು ಹತ್ತಿಸುವ ನಿರ್ಣಯಗಳೂ ಇವೆ. 'ತೀರ್ಮಾನಿಸಲಾಯಿತು' ಎಂಬ ಆ ಕಡತದ ಭಾಷೆ ನಮಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷಗಳಿಂದ ಅದರಲ್ಲಿಯೇ ಅನ್ನ ಉಣ್ಣುತ್ತಿದ್ದೇವೆ. ಹಡಗು ಹತ್ತಿದವರ ವಂಶವೃಕ್ಷವನ್ನು ಯಾವ ರಜೆಯಲ್ಲಿ, ಯಾವ ಪುಸ್ತಕ ತೆರೆದು ಹುಡುಕುವುದು? ಯೇಲ್ ವಿಶ್ವವಿದ್ಯಾಲಯ ತನ್ನ ಇತಿಹಾಸದ ಗುಲಾಮಗಿರಿಯ ನಂಟಿಗಾಗಿ ಕ್ಷಮೆ ಕೇಳಿದ್ದು 2024ರಲ್ಲಿ.

ಇಷ್ಟಾದ ಮೇಲೆ ಗೋರಿ ನೋಡಲು ಹೋದೆವು. ಅದು ಮದ್ರಾಸ್ ಹೈಕೋರ್ಟಿನ ಆವರಣದಲ್ಲಿದೆ. ಒಂದು ಕಾಲಕ್ಕೆ ಅದು ಇಂಗ್ಲಿಷರ ಸ್ಮಶಾನ. ಮೊನಚು ಶಿಖರದ ಆ ಕಟ್ಟಡದಲ್ಲಿ ಮಲಗಿರುವವರು ಇಬ್ಬರು: ಯೇಲ್‌ನ ಹೆಂಡತಿ ಕ್ಯಾಥರೀನಳ ಮೊದಲ ಗಂಡ ಜೋಸೆಫ್ ಹಿನ್ಮರ್ಸ್, ಮತ್ತು ಯೇಲ್ ದಂಪತಿಯ ಎಳೆಯ ಮಗ ಡೇವಿಡ್. ಬೋಸ್ಟನ್ನಿನ ಅಜ್ಜನ ಹೆಸರು ಮದರಾಸಿನ ಮೊಮ್ಮಗನಿಗೆ. ಮುಂದೆ ತಾಯಿ ಉಳಿದ ಮಕ್ಕಳೊಡನೆ ಇಂಗ್ಲೆಂಡಿಗೆ ಹೊರಟಳು. ಈ ಕೂಸು ಇಲ್ಲಿಯೇ ಉಳಿಯಿತು.

ಅಂದು ರಾತ್ರಿ ಧಾರವಾಡಕ್ಕೆ ಫೋನು ಮಾಡಿ ಅವ್ವನಿಗೆ ಇದನ್ನೆಲ್ಲ ಹೇಳಿದೆವು. ನಮಗಿಂತ ಮುಂಚೆ ಹುಟ್ಟಿದ ಅಣ್ಣನೊಬ್ಬ ವರ್ಷ ತುಂಬುವ ಮೊದಲೇ ತೀರಿಕೊಂಡದ್ದು ಸೊಲ್ಲಾಪುರದಲ್ಲಿ; ತಂದೆಯವರು ಆಗ ಅಲ್ಲಿ ರೈಲ್ವೆ ನೌಕರಿಯಲ್ಲಿದ್ದರು. ಮಣ್ಣು ಮಾಡಿದ ಹಳ್ಳದ ದಂಡೆ ಯಾವುದೆಂದು ಈಗ ಯಾರಿಗೂ ತಿಳಿಯದು. ಶ್ರಾದ್ಧದಲ್ಲಿ ನಾವು ಮೂರು ತಲೆಯ ಹೆಸರು ಹೇಳುತ್ತೇವೆ. ಹಾಲುಗೂಸಿಗೆ ಅಲ್ಲಿ ಪಿಂಡವಿಲ್ಲ, ಹೆಸರೂ ಇಲ್ಲ. ಮನೆಯಲ್ಲಿಯೂ ಆ ಹೆಸರನ್ನು ಯಾರೂ ಎತ್ತಿದ್ದಿಲ್ಲ.

ಅವ್ವ ಬಹಳ ಹೊತ್ತು ಸುಮ್ಮನಿದ್ದರು. "ಮುನ್ನೂರು ವರ್ಷ ಆದ್ರೂ ಆ ಕೂಸಿನ ಹೆಸರು ಹೇಳ್ತಾರೇನು?" ಎಂದರು.

"ಹೂಂ ಅವ್ವಾ."

"ಹಂಗಾರ ಬರಕೋ" ಎಂದು ನಮ್ಮ ಅಣ್ಣನ ಹೆಸರು ಹೇಳಿದರು. ಯೇಲ್ ಮನೆತನದ ಟಿಪ್ಪಣಿಗಳಿದ್ದ ಪುಸ್ತಕವೇ ಕೈಗೆ ಸಿಕ್ಕಿತು, ಅದರಲ್ಲಿಯೇ ಬರೆದುಕೊಂಡೆವು. ಇಸವಿ ಯಾವುದೆಂದು ಕೇಳಿದೆವು.

"ಇಸವಿ ನೆನಪಿಲ್ಲಪಾ. ಹಸ್ತಾ ಮಳಿ ಹಿಡದಿತ್ತು."