ಒಣಗಾಳಿಯ ದಿನಗಳು

ಜೂನ್ 11, 2023, ಭಾನುವಾರ

ತಮ್ಮ ಕತಾರಿನಿಂದ ಬಂದ. ಚೀಲದಲ್ಲಿ ಎಲ್ಲರಿಗೂ ಖರ್ಜೂರ, ನನಗೊಂದು ಪಟ. ಮಡಿಸಿದರೆ ತಲೆದಿಂಬಿನಷ್ಟು, ಬಿಡಿಸಿದರೆ ನಡುಮನೆ ಸಾಲದು. ಮೂರು ಚದರ ಮೀಟರ್. ಕಡ್ಡಿ ಇಲ್ಲ, ಬಾಲಂಗೋಚಿ ಇಲ್ಲ. ಎರಡು ಪದರ ಬಟ್ಟೆಯ ನಡುವೆ ಸಾಲು ಸಾಲು ಗೂಡು. ಎದುರಿನಿಂದ ಗಾಳಿ ನುಗ್ಗಿ ಗೂಡುಗಳು ಉಬ್ಬಬೇಕು, ಆ ಉಬ್ಬೇ ಇದರ ಎಲುಬು. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ಕಂಡುಕೊಂಡ ಉಪಾಯವಂತೆ.

ಅಲ್ಲಿ ಶುಕ್ರವಾರಗಳಂದು ಮರಳುಗಾಡಿನಲ್ಲಿ ಮೂರು ಗಾಲಿಯ ಬಗ್ಗಿಯಲ್ಲಿ ಕೂತು ಇಂಥ ಪಟಕ್ಕೆ ಎಳೆಸಿಕೊಂಡು ಓಡುತ್ತಾನೆ. ಎಂಜಿನ್ ಇಲ್ಲ, ಸದ್ದಿಲ್ಲ. ಹೋದ ವರ್ಷ ಫೋನಿನಲ್ಲಿ ತೋರಿಸಿದಾಗಿನಿಂದ ನನಗೆ ಅದೇ ಧ್ಯಾನ. "ಬಗ್ಗಿ ತರಾಕಾಗಲಿಲ್ಲಕ್ಕಾ, ಅಪ್ಪಾಜಿ ಕೈಲಿ ಮಾಡಿಸ್ಕೋ" ಅಂದ.

ಸಮುದ್ರ ಕಾಣಬೇಕಾದರೆ ಘಟ್ಟ ಇಳಿಯಬೇಕಾದ ಊರು ಇದು. ಇಲ್ಲಿ ಎಲ್ಲಿ ಓಡಿಸುವುದು?

ಜೂನ್ 14, ಬುಧವಾರ, ಸಂಜೆ

ತಾರಸಿ. ತೆಂಗಿನ ಗರಿ ಒಮ್ಮೆ ಹೀಗೆ, ಒಮ್ಮೆ ಹಾಗೆ. ದೂರದಲ್ಲಿ ಮಂಡಕ್ಕಿ ಭಟ್ಟಿಯ ಹೊಗೆ ಮಾತ್ರ ಮೇಲಕ್ಕೇರಿದ ಮೇಲೆ ಒಂದೇ ದಿಕ್ಕಿಗೆ ಬಾಗಿದೆ, ಪೂರ್ವಕ್ಕೆ. ಅಂದರೆ ಗಾಳಿ ಪಡುವಣದ್ದೇ. ನಮ್ಮ ಬಡಾವಣೆ ನಿಟ್ಟುವಳ್ಳಿಗೆ ಬರುವಷ್ಟರಲ್ಲಿ ಮನೆ, ಟ್ಯಾಂಕು, ಮರಕ್ಕೆ ಬಡಿದು ಚೂರಾಗಿರುತ್ತದೆ. ತಮ್ಮನ ಲೆಕ್ಕ: ಅಡ್ಡ ನಿಂತದ್ದು ಎಷ್ಟು ಎತ್ತರವೋ ಅದರ ಹತ್ತರಷ್ಟು ದೂರದವರೆಗೆ ಗಾಳಿ ಕಲಕಿರುತ್ತದೆ. ಮೂರಂತಸ್ತಿನ ಮನೆಗೆ ನೂರು ಮೀಟರ್. ನಮ್ಮ ಬೀದಿಯಲ್ಲಿ ನೂರು ಮೀಟರ್ ಬಯಲು ಎಲ್ಲಿದೆ?

ಟಿ.ವಿ.ಯಲ್ಲಿ ಬಿಪೊರ್‌ಜಾಯ್ ಚಂಡಮಾರುತ, ಗುಜರಾತಿನ ಕಡೆಗೆ. ಮಳೆ ಇನ್ನೂ ಹಿಡಿದಿಲ್ಲ.

ಜೂನ್ 18, ಭಾನುವಾರ

ಬೆಳಿಗ್ಗೆ ಆರೂವರೆಗೆ ಹೈಸ್ಕೂಲ್ ಮೈದಾನ. ಕ್ರಿಕೆಟ್ ಹುಡುಗರು ಒಂದು ಮೂಲೆ ಬಿಟ್ಟುಕೊಟ್ಟರು. ನಾಲ್ಕು ದಾರ, ತಲಾ ಇಪ್ಪತ್ತು ಮೀಟರ್. ಎರಡು ಎಳೆಯುವುದಕ್ಕೆ, ಎರಡು ತಡೆಯುವುದಕ್ಕೆ. ಕೈಯಲ್ಲಿ ಎರಡು ಹಿಡಿ.

ಪಟ ಎದ್ದಿತು. ನೇರ ನನ್ನ ಮುಂದೆ, ಗಾಳಿ ಹೋಗುವ ದಾರಿಯ ನಟ್ಟನಡುವೆ. ಅಲ್ಲಿಯೇ ಅದರ ಪೂರ್ತಿ ಬಲ. ಎರಡು ಹೆಜ್ಜೆ ಓಡಿದೆ, ಮೂರನೆಯದಕ್ಕೆ ನೆಲದ ಮೇಲಿದ್ದೆ. ತಮ್ಮ "ಕೈ ಬಿಡಕ್ಕಾ, ಕೈ ಬಿಡು" ಎಂದು ಕೂಗುತ್ತಿದ್ದ. ಬಿಡಲಾಗಲಿಲ್ಲ. ಬೆರಳು ಬಿಚ್ಚಿಕೊಳ್ಳಲೇ ಇಲ್ಲ. ಬಿಟ್ಟಿದ್ದರೆ ಮಣಿಕಟ್ಟಿನ ಪಟ್ಟಿ ತಡೆದಾರವನ್ನು ಜಗ್ಗಿ ಪಟವನ್ನು ಅಲ್ಲೇ ಮಲಗಿಸುತ್ತಿತ್ತು.

ಮೊಣಕಾಲು ತರಚಿದೆ. ಚೂಡಿದಾರ ಹರಿದಿದೆ. ನಮ್ಮ ಮನೆಯವರು ಡೆಟಾಲ್ ಹಚ್ಚಿದರು, ಏನೂ ಕೇಳಲಿಲ್ಲ.

ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಪಿಯು ಮಕ್ಕಳಿಗೆ ಎಷ್ಟು ಸಲ ಬೋರ್ಡಿನ ಮೇಲೆ ಬರೆದುಕೊಟ್ಟಿದ್ದೇನೆ. ಇವತ್ತು ಭುಜಕ್ಕೆ ಗೊತ್ತಾಯಿತು.

ಜೂನ್ 20, ಮಂಗಳವಾರ

ತಮ್ಮ ಹೊರಟ. ಹೋಗುವ ಮುನ್ನ ಹೇಳಿದ್ದು: ಬಗ್ಗಿ ಹತ್ತುವ ಮೊದಲು ನಿಂತಲ್ಲೇ ಐವತ್ತು ತಾಸು ಪಟ ಆಡಿಸು. ಕಣ್ಣು ಮುಚ್ಚಿದರೂ ಅದು ಎಲ್ಲಿದೆ ಎಂದು ಕೈಗೆ ತಿಳಿಯಬೇಕು.

ಇಲ್ಲಿಗೆ ಒಂದು ತಾಸು ಆಗಿದೆ.

ಜೂನ್ 29, ಗುರುವಾರ

ಪ್ರಥಮ ಏಕಾದಶಿ, ಬಕ್ರೀದೂ ಇವತ್ತೇ. ಕಾಲೇಜಿಗೆ ರಜೆ. ಅಪ್ಪಾಜಿಯನ್ನು ನೋಡಲು ಹರಿಹರಕ್ಕೆ ಹೋದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾಗಿ ಇದು ಮೂರನೆಯ ವಾರ.

ಹೊಳೆ ನೋಡಿದೆ. ತುಂಗಭದ್ರೆ ಸಣ್ಣಗಿದ್ದಾಳೆ, ಆಷಾಢವಾದರೂ. ಮರಳಿನ ಮೇಲೆ ಓಡಿಸಬಹುದೇ ಎಂದು ಇಳಿದೆ. ಹಿಮ್ಮಡಿ ಹೂತಿತು. ಸಣ್ಣ ಗಾಲಿಗೆ ಆಗದು.

ಅಪ್ಪಾಜಿಗೆ ಚಿತ್ರ ತೋರಿಸಿದೆ. ಮುಂದೆ ಒಂದು ಗಾಲಿ, ಕಾಲಿನಿಂದ ತಿರುಗಿಸುವುದು. ಹಿಂದೆ ಎರಡು. ನಡುವೆ ನೆಲಕ್ಕೆ ತಾಗುವಷ್ಟು ತಗ್ಗಿನ ಸೀಟು. ಬ್ರೇಕ್ ಇಲ್ಲ. ಬಹಳ ಹೊತ್ತು ನೋಡಿದರು. "ಯಾರು ಮಾಡಿದ್ದು?" ನ್ಯೂಜಿಲೆಂಡಿನ ಪೀಟರ್ ಲಿನ್, 1990ರ ಸುಮಾರಿಗೆ ಎಂದೆ. ಅವರ ಆಶ್‌ಬರ್ಟನ್ ಕೂಡ ಕಡಲ ದಂಡೆಯ ಊರಲ್ಲ, ಬಯಲು ಸೀಮೆ. ಅಪ್ಪಾಜಿಗೆ ಅದು ಬೇಕಿರಲಿಲ್ಲ. "ಬೇರಿಂಗ್ ಯಾವುದು?" ಅಂದರು.

ಅವ್ವ ಹೋದ ಮೇಲೆ ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಇವತ್ತೇ ಇರಬೇಕು.

ಜುಲೈ 2, ಭಾನುವಾರ

ಊರಾಚೆ ಹೊಸ ಲೇಔಟ್. ಗಾಳಿ ಚೆನ್ನಾಗಿತ್ತು. ನೆಲದ ಮೇಲಿನ ಕಾಗದ ಎದ್ದು ಹಾರುವಷ್ಟು, ಗಂಟೆಗೆ ಇಪ್ಪತ್ತು ಕಿಲೋಮೀಟರ್ ದಾಟಿರಬೇಕು. ಆದರೆ ಪಾರ್ಥೇನಿಯಂ ಪೊದೆಯಲ್ಲಿ ಅಡಗಿದ ಸೈಟ್ ಕಲ್ಲುಗಳು. ಎರಡು ಕಡೆ ಕರೆಂಟ್ ಲೈನು. ಪಟ ತೆಗೆಯಲೇ ಇಲ್ಲ.

ಇಬ್ಬರು ಹುಡುಗರು ಚೀನಾ ಮಾಂಜಾ ಸುತ್ತಿಕೊಂಡು ಬಂದಿದ್ದರು. 2017ರಲ್ಲೇ ಹಸಿರು ನ್ಯಾಯಮಂಡಳಿ ನಿಷೇಧಿಸಿದ್ದು. ಬೈದೆ. ಬೈಯುವಾಗಲೇ ಅನ್ನಿಸಿತು, ನನ್ನ ದಾರಕ್ಕೂ ಬೈಕಿನವನ ಕುತ್ತಿಗೆ ಗೊತ್ತಾಗುವುದಿಲ್ಲ. ರಸ್ತೆ ಕಾಣುವ ಕಡೆ ಹಾರಿಸಬಾರದು. ಖಂಡಿತ ಬಾರದು.

ಜುಲೈ 9, ಭಾನುವಾರ

ಬಗ್ಗಿಗೆ ಗಾಲಿ ಸಿಕ್ಕಿತು, ಆಟೋರಿಕ್ಷಾದ್ದು! ತಮ್ಮ ಹೇಳಿದ ಅಳತೆ 4.00-8, ಆಟೋ ಟೈರಿನದೂ ಅದೇ. ಮೂರು ಹಳೆಯ ಟೈರು, ಮೂರು ರಿಮ್. ಬೇರಿಂಗ್ 6204, ಒಳಗೆ ಇಪ್ಪತ್ತು ಮಿ.ಮೀ. ಅಂಗಡಿಯವರು "ಮೇಡಂ, ಆಟೋ ಕಟ್ತೀರಾ?" ಎಂದು ಕೇಳಿದರು. ಹೌದು ಎಂದೆ.

ಮೈದಾನದಲ್ಲಿ ಒಂಬತ್ತು ತಾಸು ಪೂರೈಸಿದೆ. ಎಂಟರ ಆಕಾರದಲ್ಲಿ ಸುತ್ತಿಸಲು ಬರುತ್ತಿದೆ. ನೆತ್ತಿಯ ಮೇಲೆ ತಂದು ನಿಲ್ಲಿಸಿದರೆ ಪಟ ಶಾಂತ. ಪಕ್ಕಕ್ಕಿಳಿಸಿದರೆ ಎಳೆತ ಶುರು. ನಡುವಿಗೆ ಬಂದರೆ ಕೋಣ.

ಜುಲೈ 12, ಬುಧವಾರ, ರಾತ್ರಿ

ಬ್ರಿಸ್ಟಲ್‌ನ ಜಾರ್ಜ್ ಪೋಕಾಕ್ ಬಗ್ಗೆ ಓದಿದೆ. ಶಾಲಾ ಮೇಷ್ಟ್ರು. 1826ರಲ್ಲಿ ಪಟ ಎಳೆಯುವ ಗಾಡಿಗೆ ಪೇಟೆಂಟ್ ಪಡೆದಿದ್ದ. ಆಗ ರಸ್ತೆ ಸುಂಕ ಕುದುರೆಗಳ ಲೆಕ್ಕದಲ್ಲಿ. ಇವನ ಗಾಡಿಗೆ ಕುದುರೆಯೇ ಇಲ್ಲ, ಸುಂಕವೂ ಇಲ್ಲ. ಮಗಳು ಮಾರ್ತಾಳನ್ನು ಕುರ್ಚಿಯಲ್ಲಿ ಕೂರಿಸಿ ಪಟದಿಂದ ಮೇಲಕ್ಕೆತ್ತಿಸಿದ್ದನಂತೆ. ಆ ಹುಡುಗಿ ಮುಂದೆ ಕ್ರಿಕೆಟಿಗ ಡಬ್ಲ್ಯು.ಜಿ. ಗ್ರೇಸ್‌ನ ತಾಯಿ.

ಆ ಹುಡುಗಿಗೆ ಮೇಲೆ ಏನನ್ನಿಸಿತೋ ಯಾರೂ ಬರೆದಿಟ್ಟಂತಿಲ್ಲ. ನಾನು ನೋಡಿದ್ದರಲ್ಲಿ ಇಲ್ಲ.

ಜುಲೈ 16, ಭಾನುವಾರ

ಹರಿಹರ. ಅಪ್ಪಾಜಿಯ ಹಳೆಯ ಜೊತೆಗಾರರೊಬ್ಬರ ಶೆಡ್ಡು. ಅಲ್ಲಿ ಮೈಸೂರು ಕಿರ್ಲೋಸ್ಕರ್ ಲೇಥ್ ಒಂದು, ಇನ್ನೂ ಓಡುತ್ತದೆ. 1941ರಲ್ಲಿ ಶುರುವಾದ ಕಾರ್ಖಾನೆ. ಅಪ್ಪಾಜಿ ಅದರಲ್ಲಿ ಜೀವ ಸವೆಸಿದವರು. ಯಂತ್ರದ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು.

ಆಕ್ಸಲ್ ಟರ್ನಿಂಗ್ ಮಾಡಿದರು. ಹುರಿಯಾದ ಕಬ್ಬಿಣದ ಸಿಪ್ಪೆ, ಕೂಲೆಂಟ್ ವಾಸನೆ. ಚಿಕ್ಕವಳಿದ್ದಾಗ ಅವರ ಅಂಗಿಗೆ ಇದೇ ವಾಸನೆ ಇತ್ತು. ಬೇರಿಂಗ್ ಕೂರುವ ಜಾಗ ಬಂದಾಗ ಕೈ ನಡುಗಿತು. ಒಂದು ಜಾಬ್ ಕೆಟ್ಟಿತು. ಮಾತಾಡದೆ ಇನ್ನೊಂದು ರಾಡ್ ಕಟ್ಟಿದರು. ಎರಡನೆಯದಕ್ಕೆ ಬೇರಿಂಗ್ ಬೆರಳಲ್ಲೇ ಒತ್ತಿದರೆ ಕೂತಿತು, ಅಲುಗಲಿಲ್ಲ.

ಕೆಟ್ಟ ರಾಡನ್ನು ಅವರಿಗೆ ಗೊತ್ತಾಗದಂತೆ ಚೀಲಕ್ಕೆ ಹಾಕಿಕೊಂಡು ಬಂದೆ.

ಜುಲೈ 25, ಮಂಗಳವಾರ

ಮಳೆ. ಕೊನೆಗೂ. ಜಗಳೂರು ಕಡೆಯಿಂದ ಚಿಕ್ಕಪ್ಪನ ಫೋನ್: ಮೆಕ್ಕೆಜೋಳ ಬಿತ್ತಿದ್ವಿ. ದನಿಯಲ್ಲಿ ನಗು ಇತ್ತು.

ಮೈದಾನ ಕೆಸರು. ಪಟ ಕಪಾಟಿನಲ್ಲಿ.

ಆಗಸ್ಟ್ 6, ಭಾನುವಾರ

ಬಗ್ಗಿಯ ಮೊದಲ ಓಟ. ಆಟೋ ಟ್ರಾಲಿಯಲ್ಲಿ ಗೋಮಾಳವೊಂದಕ್ಕೆ ಒಯ್ದೆವು. ಇವರೂ ಬಂದರು. ಹೆಲ್ಮೆಟ್ ಹಾಕಿಕೊಂಡೆ.

ಪಟ ನೆತ್ತಿಯ ಮೇಲೆ, ನಾನು ಸೀಟಿನಲ್ಲಿ. ಪಕ್ಕಕ್ಕಿಳಿಸಿದೆ. ಚಲಿಸಿತು! ಎಂಟು ಹತ್ತು ಮಾರು. ವೇಗ ಬಂದ ಕೂಡಲೇ ಮುಂದಿನ ಗಾಲಿ ಬಡಬಡ ಅದುರಿ, ಕಾಲು ಜಾರಿ, ಮಗುಚಿದೆ. ಎದ್ದು ನೋಡಿದರೆ ಎರಡು ಟೈರು ಪಂಕ್ಚರ್. ಜಾಲಿಮುಳ್ಳು ಒಂದು, ನೆಗ್ಗಿಲು ಲೆಕ್ಕವಿಲ್ಲ. ಸಮುದ್ರದ ದಂಡೆಯಲ್ಲಿ ಕಲಿತವರಿಗೆ ಈ ಪಾಠ ಇರುವುದಿಲ್ಲ.

"ಸಾಕು ಮಾಡಬಾರದಾ?" ಇವರು ದಾರಿಯಲ್ಲಿ ಕೇಳಿದ್ದು ಅಷ್ಟೇ. ಉತ್ತರ ಕೊಡಲಿಲ್ಲ. ಕೋಪವಲ್ಲ. ಉತ್ತರ ಇರಲಿಲ್ಲ.

ಆಗಸ್ಟ್ 13, ಭಾನುವಾರ

ತಪ್ಪು ನನ್ನ ಚಿತ್ರದ್ದು. ಮುಂದಿನ ಫೋರ್ಕನ್ನು ನೆಟ್ಟಗೆ ಬರೆದಿದ್ದೆ. ಅದು ಓರೆಯಾಗಿರಬೇಕು. ಫೋರ್ಕ್ ತಿರುಗುವ ಗೆರೆ ನೆಲ ಮುಟ್ಟುವ ಜಾಗಕ್ಕಿಂತ ಗಾಲಿ ನೆಲ ಮುಟ್ಟುವ ಜಾಗ ಹಿಂದಿರಬೇಕು. ಆಗ ಗಾಲಿ ತಾನಾಗಿ ನೇರವಾಗುತ್ತದೆ, ಸೈಕಲ್ಲಿನ ಹಾಗೆ. ಅಪ್ಪಾಜಿಗೆ ಮೊದಲೇ ಗೊತ್ತಿತ್ತಂತೆ. "ನೀನು ಬರ್ಕೊಟ್ಟಿದ್ದೆ, ನಾನು ಮಾಡ್ದೆ. ಡ್ರಾಯಿಂಗ್ ಮೀರಬಾರದು."

ನನ್ನ ಗೆರೆಯನ್ನು ಅಷ್ಟು ನಂಬಿದ್ದರು. ಸಂತೋಷಪಡಲೋ ಬೇಡವೋ.

ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸಿದೆವು.

ಆಗಸ್ಟ್ 20, ಭಾನುವಾರ

ದಿನವೂ ಗಾಳಿ. ದಿನವೂ ನೀಲಿ ಆಕಾಶ. ಮೋಡ ಬರುತ್ತದೆ, ಹೊಗೆಯ ದಾರಿಯಲ್ಲೇ ಪೂರ್ವಕ್ಕೆ ಹೋಗುತ್ತದೆ. ಅರಬ್ಬೀ ಸಮುದ್ರದಿಂದ ಹೊರಟ ಗಾಳಿ ಘಟ್ಟದಲ್ಲಿ ನೀರು ಸುರಿಸಿ, ಹಗುರಾಗಿ ನಮ್ಮಲ್ಲಿಗೆ ಬರುತ್ತದೆ. ಸಮುದ್ರ ಇಲ್ಲ ಎಂದು ಕೊರಗುತ್ತಿದ್ದೆನಲ್ಲ, ನನಗೆ ಬರುತ್ತಿರುವುದು ಸಮುದ್ರದ ಗಾಳಿಯೇ, ನೀರಿಲ್ಲದ್ದು.

ಮೂವತ್ತೊಂದು ತಾಸು. ಭುಜ ಗಟ್ಟಿಯಾಗಿದೆ. ಇಷ್ಟು ಒಳ್ಳೆಯ ಗಾಳಿ ಹಿಂದೆಂದೂ ಸಿಕ್ಕಿರಲಿಲ್ಲ.

ಚಿಕ್ಕಪ್ಪ ಫೋನ್ ಮಾಡಿದಾಗ ಇದನ್ನು ಹೇಳಲಿಲ್ಲ.

ಆಗಸ್ಟ್ 23, ಬುಧವಾರ

ಸಂಜೆ ಆರಕ್ಕೆ ಎಲ್ಲರೂ ಟಿ.ವಿ. ಮುಂದೆ. ಚಂದ್ರಯಾನ ಇಳಿಯಿತು. ಚಪ್ಪಾಳೆ ತಟ್ಟುತ್ತ ಅತ್ತುಬಿಟ್ಟೆ. ರಾತ್ರಿ ತಾರಸಿಯಲ್ಲಿ ಚಂದ್ರನನ್ನು ನೋಡಿದೆ. ಅಲ್ಲಿ ಗಾಳಿ ಇಲ್ಲ. ಏನೂ ಅಲುಗದು.

ಆಗಸ್ಟ್ 27, ಭಾನುವಾರ

ಚಿಕ್ಕಪ್ಪ: "ಬಿತ್ತಿದ್ರಾಗ ಅರ್ಧನೂ ಹುಟ್ಟಲಿಲ್ಲವ್ವ. ಹುಟ್ಟಿದ್ದು ಒಣಗ್ತು. ಕುರಿ ಬಿಟ್ವಿ. ತುಳಿದು ತುಳಿದು ಹೊಲ ಕಣ ಆದಂಗ ಆಗೈತಿ. ನಿನ್ನ ಗಾಡಿ ತಗಂಡು ಬಾ."

ಅವರಿಗೆ ಯಾರು ಹೇಳಿದರು? ಅಪ್ಪಾಜಿಯೇ ಇರಬೇಕು.

ಹೋಗಲೇ? ಮೂರು ಎಕರೆ, ಮರವಿಲ್ಲ, ಲೈನಿಲ್ಲ.

ಸೆಪ್ಟೆಂಬರ್ 1, ಶುಕ್ರವಾರ

ಪತ್ರಿಕೆ: 1901ರಿಂದೀಚೆಗೆ ದೇಶದಲ್ಲಿ ಇಷ್ಟು ಒಣ ಆಗಸ್ಟ್ ಬಂದಿಲ್ಲ.

ಟೈರುಗಳ ಒಳಗೆ ಹಳೆಯ ಟ್ಯೂಬ್ ಸೀಳಿ ಇನ್ನೊಂದು ಪದರ ಹಾಕಿಸಿದೆ. ಮುಳ್ಳಿಗೆ.

ಸೆಪ್ಟೆಂಬರ್ 3, ಭಾನುವಾರ

ಹೊಲ. ದೂರದಲ್ಲಿ ಗುಡ್ಡ, ಮೇಲೆ ಗಾಳಿಯಂತ್ರಗಳು, ಮೂರೂ ರೆಕ್ಕೆ ತಿರುಗುತ್ತಿದ್ದವು. ಅಂದರೆ ಗಾಳಿ ಇದೆ. ನೆಲ ನಿಜಕ್ಕೂ ಕಣ. ಅಲ್ಲಲ್ಲಿ ಒಣಗಿದ ಬುಡ, ಬೆರಳುದ್ದ. ಮೊದಲು ಚಿಕ್ಕಪ್ಪ, ನಾನು, ಇವರು ಮೂವರೂ ನಡೆದು ಕಲ್ಲು ಆರಿಸಿದೆವು. ಅಪ್ಪಾಜಿ ಬದುವಿನ ಮೇಲೆ ಕೂತು ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿದರು.

ಗಾಳಿಗೆ ಅಡ್ಡಲಾಗಿ ಹೊರಟೆ. ಪಟ ಪಕ್ಕಕ್ಕಿಳಿದು ಅಲ್ಲೇ ನಿಂತಿತು. ದಾರ ಬಿಗಿಯಾಯಿತು. ಗಾಲಿ ಅದುರಲಿಲ್ಲ. ನೆಲ ಕುಂಡಿಯ ಕೆಳಗೆ ಅಂಗೈ ಅಗಲದಲ್ಲಿ ಓಡುತ್ತಿತ್ತು, ಕಿವಿಯಲ್ಲಿ ದಾರದ ಸೊಂಯ್ ದನಿ. ಎಷ್ಟು ವೇಗವೋ ತಿಳಿಯದು. ಬದು ಹತ್ತಿರ ಬಂತು. ಕಾಲು ತಿರುಗಿಸಿ ಗಾಳಿಗೆ ಮುಖ ಮಾಡಿದೆ, ಪಟ ನೆತ್ತಿಗೆ ತಂದೆ. ನಿಂತೆ.

ನಿಂತೆ. ನಾನೇ ನಿಲ್ಲಿಸಿದೆ.

ತಿರುಗಿ ಬಂದೆ. ಮತ್ತೆ ಹೋದೆ. ಹನ್ನೊಂದು ಸಲ. ಅಪ್ಪಾಜಿ ಎದ್ದು ನಿಂತಿದ್ದರು. ಊರಿನ ಮಕ್ಕಳು ಜೊತೆಗೆ ಓಡಿದರು.

ಇಳಿದಾಗ ಚಿಕ್ಕಪ್ಪ ಗಾಲಿಯ ಜಾಡನ್ನು ನೋಡುತ್ತಿದ್ದರು. ಮೂರು ಗೆರೆ, ಹೊಲದುದ್ದಕ್ಕೆ. "ಕೂರಿಗೆ ಸಾಲು ಇದ್ದಂಗ ಐತಿ" ಅಂದರು. ನಗುತ್ತಲೇ ಅಂದರು.

ಊಟಕ್ಕೆ ಕೂತಾಗ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಆದರೂ ಸುಳ್ಳು ಬರೆಯಲಾರೆ. ಇವತ್ತಿನಷ್ಟು ಸಂತೋಷ ನನಗೆ ಬಹಳ ವರ್ಷದಿಂದ ಆಗಿರಲಿಲ್ಲ.

ಸೆಪ್ಟೆಂಬರ್ 14, ಗುರುವಾರ

195 ತಾಲ್ಲೂಕು ಬರಪೀಡಿತವೆಂದು ಸರ್ಕಾರದ ಘೋಷಣೆ. ಸ್ಟಾಫ್ ರೂಮಿನಲ್ಲಿ ಭದ್ರಾ ನಾಲೆಯ ನೀರಿನದೇ ಮಾತು. ಭತ್ತ ಹಾಕಿದವರು ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡಿದ್ದಾರೆ.

ಸಂಜೆ ತಾರಸಿಗೆ ಹೋದೆ. ಅಭ್ಯಾಸ. ಎಲೆ ಅಲುಗಿದರೆ ಖುಷಿಯಾಗುತ್ತದೆ, ಆಮೇಲೆ ಆಕಾಶ ನೋಡುತ್ತೇನೆ.

ಸೆಪ್ಟೆಂಬರ್ 17, ಭಾನುವಾರ

ಗಾಳಿ ಬಿದ್ದಿದೆ. ಭಟ್ಟಿಯ ಹೊಗೆ ನೆಟ್ಟಗೆ. ನಾಳೆ ಚೌತಿ, ಬೀದಿಯಲ್ಲಿ ಪೆಂಡಾಲು ಹಾಕುತ್ತಿದ್ದಾರೆ.

ಅಪ್ಪಾಜಿ ಫೋನ್ ಮಾಡಿದ್ದರು. ತಿರುವಿನಲ್ಲಿ ಒಳಗಡೆಯ ಗಾಲಿ ಏಳುತ್ತದಂತೆ, ಅವತ್ತು ಬದುವಿನ ಮೇಲಿಂದಲೇ ನೋಡಿದ್ದಾರೆ. ಹಿಂದಿನ ಆಕ್ಸಲ್ ಇನ್ನೂ ನಾಲ್ಕು ಇಂಚು ಉದ್ದ ಬೇಕು. ರಾಡ್ ತರಿಸಿದ್ದಾರೆ. "ಈ ಸಲ ಡ್ರಾಯಿಂಗ್ ಸರಿಯಾಗಿ ಬರಿ."

ಬರೆಯುತ್ತಿದ್ದೇನೆ. ಪೂರ್ವದಲ್ಲಿ ಒಂದು ಸಲ ಮಿಂಚಿದ ಹಾಗಾಯಿತು. ಮತ್ತೆ ಆಗಲಿಲ್ಲ.