ಸೂರಂಚಿನ ಕೆಳಗಿನ ಮಲ್ಲಿಗೆ

ರೋಹಿಣಿ ಮಳೆಯ ದಿನಗಳು ಬಂದವೆಂದರೆ ನನಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಏಣಿಯನ್ನು ಗೋಡೆಗೆ ಆನಿಸಿ ಮಾಡು ಹತ್ತಬೇಕು. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ರ ಆಸುಪಾಸಿಗೆ ಮೃಗಶಿರ. ನಡುವಿನ ಆ ಎರಡು ವಾರ ಹಾನಗಲ್ಲಿನ ನಮ್ಮ ಹಂಚಿನ ಮನೆಗೆ ಮೀಸಲು. ಒಡೆದ ಹಂಚು ತೆಗೆದು ಬೇರೆಯದನ್ನು ಕೂರಿಸುವುದು, ಸರಿದದ್ದನ್ನು ಮತ್ತೆ ಹೊಂದಿಸುವುದು, ಸಂದಿಯ ಕಸ ಬಳಿಯುವುದು, ಇದಕ್ಕೆಲ್ಲ ಹಂಚು ಕೈಯಾಡಿಸುವುದು ಎನ್ನುತ್ತೇವೆ. ಆ ಮಾತೇ ನನಗೆ ಬಲು ಇಷ್ಟ. ಹಸುವಿನ ಗಂಗೆದೊಗಲಿನ ಮೇಲೆ, ಜ್ವರ ಬಂದ ಮಗುವಿನ ಬೆನ್ನಿನ ಮೇಲೆ ಆಡುವ ಕೈಯೇ ವರ್ಷಕ್ಕೊಮ್ಮೆ ಮನೆಯ ಬೆನ್ನಿನ ಮೇಲೂ ಆಡಬೇಕು.

ನಾಲ್ಕು ತಾಲೂಕುಗಳಲ್ಲಿ ನಮ್ಮ ಬಳಗ ಹರಡಿದೆ. ನಾವು ಹಾನಗಲ್ಲಿನಲ್ಲಿ, ಅಜ್ಜಿಯ ತವರು ಶಿಗ್ಗಾವಿ ಕಡೆ, ಅಕ್ಕನನ್ನು ಕೊಟ್ಟದ್ದು ಸವಣೂರಿಗೆ, ಸೋದರಮಾವನ ಮನೆ ಹಿರೇಕೆರೂರಿನಲ್ಲಿ. ಬಸ್ಸಿನಲ್ಲಿ ಕೂತರೆ ಒಂದೇ ದಿನದಲ್ಲಿ ಎಲ್ಲರನ್ನೂ ಮಾತಾಡಿಸಿ ಬರಬಹುದು. ಆದರೆ ಮನೆಗಳ ನೆತ್ತಿ ಮಾತ್ರ ಬೇರೆ ಬೇರೆ. ಹಾನಗಲ್ಲು ಅರೆ ಮಲೆನಾಡು. ಮಳೆಗಾಲದಲ್ಲಿ ಹಂಚು ವಾರಗಟ್ಟಲೆ ಒಣಗುವುದಿಲ್ಲ, ಬಿಸಿಲು ತಾಗದ ಉತ್ತರದ ಮಗ್ಗುಲಿಗೆ ಪಾಚಿ ಹಸಿರು ಕಂಬಳಿಯಂತೆ ಹೊದೆಯುತ್ತದೆ. ಸವಣೂರಿಗೆ ಮಳೆ ಕಡಿಮೆ, ಅಲ್ಲಿ ತಾರಸಿಯ ಮೇಲೆ ಕರೀ ಕಲೆಯಷ್ಟೇ.

ಪಾಚಿಯನ್ನು ನಾನು ದ್ವೇಷಿಸುವುದಿಲ್ಲ. ಬೇಸಿಗೆಯಲ್ಲಿ ಅದು ಒಣಗಿ ಕಂದು ಹುಡಿಯಾಗಿ ಕೂತಿರುವುದನ್ನು, ಅದರ ಪಕ್ಕದಲ್ಲಿ ಬೂದು ಬಣ್ಣದ ಕಲ್ಲುಹೂವು ಚಿತ್ತಾರ ಬರೆದಿರುವುದನ್ನು ನೋಡುತ್ತ ಎಷ್ಟೋ ಹೊತ್ತು ಮಾಡಿನ ಮೇಲೆ ಕೂತದ್ದುಂಟು. ಆದರೆ ಅದು ನೀರು ಹಿಡಿಯುತ್ತದೆ, ಹಂಚಿನ ಸಂದಿಯಲ್ಲಿ ಬೆಳೆದು ಮಳೆಯ ನೀರನ್ನು ಒಳಕ್ಕೆ ತಿರುಗಿಸುತ್ತದೆ, ರೀಪು ಕೊಳೆಯುತ್ತದೆ. ತೆಗೆಯಲೇಬೇಕು. ತೆಗೆಯುವ ಕಾಲ ಬಿರುಬೇಸಿಗೆಯ ಕೊನೆ. ಒಣ ಪಾಚಿಗೆ ತೆಂಗಿನ ಗರಿಯ ಕಸಬರಿಗೆ ಸಾಕು, ಮೊಂಡಾದ ಕಡೆ ನಾರಿನ ಬ್ರಷ್ಷು. ಮುಕ್ಕಾಲು ಪಾಲು ಹೀಗೆಯೇ ಉದುರುತ್ತದೆ, ಒಂದು ಹನಿ ಮದ್ದು ಬೇಡ. ಉದುರಿದ್ದನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕಿದರೆ ಬರುವ ವರ್ಷಕ್ಕೆ ಗೊಬ್ಬರ.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಈ ಚಪ್ಪಟೆ ಹಂಚು ಘಟ್ಟ ಹತ್ತಿ ನಮ್ಮ ಕಡೆಗೂ ಬಂತು. ಮಗುಚಿ ನೋಡಿದರೆ ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು ಉಬ್ಬಿರುತ್ತದೆ. ಒಂದೊಂದನ್ನೂ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ಠಣ್ಣೆಂದರೆ ಗಟ್ಟಿ, ಡಬ್ಬೆಂದರೆ ಬಿರುಕು ಎಂದು ತಿಳಿಯುವ ಸುಖ ಮಾಡು ಹತ್ತಿದವರಿಗೇ ಗೊತ್ತು. ನೆತ್ತಿಯಲ್ಲಿ ಸತುವು ಬಳಿದ ತಗಡು ಹೊದಿಸಿದ ಜಾಗದ ಕೆಳಗೆ ಹಂಚು ಕೆಂಪಗೇ ಉಳಿದಿರುವುದನ್ನೂ ಅಲ್ಲೇ ಕಂಡೆ. ಮಳೆಗೆ ತಗಡಿನಿಂದ ಕೂದಲೆಳೆಯಷ್ಟು ಸತುವು ಕರಗಿ ಇಳಿಯುತ್ತದೆ, ಅಷ್ಟಕ್ಕೇ ಪಾಚಿ ಹತ್ತಿರ ಸುಳಿಯುವುದಿಲ್ಲ. ಅಂದಿನಿಂದ ಉತ್ತರದ ಮಗ್ಗುಲಿನ ನೆತ್ತಿಗೆ ಗೇಣಗಲದ ತಗಡಿನ ಪಟ್ಟಿ ಹಾಕಿದ್ದೇನೆ.

ಉಳಿದ ಕಾಲು ಪಾಲಿಗೆ ಬ್ಲೀಚಿಂಗ್ ಪೌಡರ್ ಬೇಕು. ನನ್ನ ನಿಜವಾದ ಕಸುಬು ಶುರುವಾಗುವುದು ಅಲ್ಲಿಂದ. ಮಾಡು ತೊಳೆಯುವುದು ಯಾರಿಂದಲೂ ಆಗುತ್ತದೆ. ಕೆಳಗಿನ ಒಂದು ಎಲೆಯೂ ಬಾಡದಂತೆ ತೊಳೆಯುವುದು ಕಲಿತು ಬರಬೇಕಾದದ್ದು. ನಾನು ಕಲಿತದ್ದು ಸವಣೂರಿನ ಅಕ್ಕನ ಮನೆಯಲ್ಲಿ.

ಸವಣೂರೆಂದರೆ ವೀಳ್ಯದೆಲೆ. ಅಕ್ಕನ ಹಿತ್ತಲಿನಲ್ಲೂ ನುಗ್ಗೆ ಮರಕ್ಕೆ ಹಬ್ಬಿಸಿದ ನಾಲ್ಕು ಬಳ್ಳಿಗಳಿದ್ದವು, ಊಟವಾದ ಮೇಲೆ ಎಲೆ ಕೊಯ್ದು ತಂದು ಕೊಡುವುದು ಅವಳ ಹೆಮ್ಮೆ. ಒಂದು ವರ್ಷ ತಾರಸಿ ತೊಳೆಯಲು ಕೂಲಿಗೆ ಹಿಡಿದವರು ಆಸಿಡ್ ಸುರಿದು ಉಜ್ಜಿದರು, ಮೇಲೆ ಬ್ಲೀಚಿಂಗ್ ನೀರು ಹೊಯ್ದರು. ಎರಡೂ ಸೇರಿದರೆ ಏಳುವುದು ಕ್ಲೋರಿನ್ ವಿಷಗಾಳಿ. ಅವರು ಕೆಮ್ಮುತ್ತ ಕೆಳಗಿಳಿದರು. ನೀರು ಕೊಳವೆಯಲ್ಲಿಳಿದು ನೇರ ಬಳ್ಳಿಯ ಬುಡಕ್ಕೆ ಹೋಯಿತು. ಮೂರು ದಿನಕ್ಕೆ ಎಲೆಯಂಚು ಕಂದಿತು, ವಾರಕ್ಕೆ ನುಗ್ಗೆಯ ಕಾಂಡ ಬರಿದಾಯಿತು. ಪಕ್ಕದ ಅವರೆ ಚಪ್ಪರವೂ ಹೋಯಿತು. ‘ಎಲಿಬಳ್ಳಿ ಬೆಂಕಿ ಬಿದ್ದಂಗ ಸುಟ್ಟು ಹೋತಲ್ಲೋ ತಮ್ಮಾ’ ಎಂದು ಅಕ್ಕ ಫೋನಿನಲ್ಲಿ ಅತ್ತಳು. ತಾರಸಿ ಬೆಳ್ಳಗಾಗಿತ್ತು, ನಿಜ. ಆಸಿಡ್ಡಿಗೆ ಸಿಮೆಂಟೂ ಕರಗಿ ಮೇಲ್ಮೈ ಮರಳು ಮರಳಾಗಿತ್ತು, ಅದೂ ನಿಜ.

ಹೋಗಿ ನೋಡಿದೆ. ಮೇಲಿನ ಒಂದಂಗುಲ ಮಣ್ಣು ಕೆರೆದು ತೆಗೆದೆವು. ಮೂರು ದಿನ ಬಿಟ್ಟು ಬಿಟ್ಟು, ಅವಸರವಿಲ್ಲದೆ, ಬುಡಕ್ಕೆ ನೀರು ಬಿಟ್ಟೆವು. ಕ್ಲೋರೈಡ್ ನೀರಿನ ಜತೆ ಆಳಕ್ಕೆ ಇಳಿದು ಹೋಗುವಂಥದ್ದು. ಬಾಟಲಿಯಲ್ಲಿ ಬರುವ ದ್ರವದ ಬ್ಲೀಚಿನಲ್ಲಿ ಸೋಡಿಯಂ ಇರುತ್ತದೆ, ಅದು ಎರೆಮಣ್ಣನ್ನು ಹಿಡಿದುಕೊಂಡು ಬಿಡುವುದಿಲ್ಲ, ಮಣ್ಣು ಬಿಗಿದು ಹೆಂಟೆಯಾಗುತ್ತದೆ. ಸವುಳು ಹೊಲಕ್ಕೆ ರೈತರು ಜಿಪ್ಸಂ ಹಾಕುವುದು ಆ ಸೋಡಿಯಂ ಬಿಡಿಸಲಿಕ್ಕೇ. ಅಕ್ಕನ ಹಿತ್ತಲಿಗೂ ಎರಡು ಹಿಡಿ ಜಿಪ್ಸಂ ಬಿತ್ತು. ಗೊಬ್ಬರ ಹಾಕಬೇಡ, ಒಣ ಬಳ್ಳಿಯನ್ನು ಕಿತ್ತು ಬಿಸಾಡಬೇಡ ಎಂದು ಹೇಳಿ ಬಂದೆ. ಶ್ರಾವಣದಲ್ಲಿ ಒಂದು ಬಳ್ಳಿಯ ಗೆಣ್ಣಿನಲ್ಲಿ ಚಿಗುರು ಬಂತು. ಉಳಿದ ಮೂರು ಬರಲಿಲ್ಲ.

ಆ ವರ್ಷ ನಾನೊಂದು ಲೆಕ್ಕ ಹಾಕಿದೆ. ಬಾವಿಯ ನೀರು ಶುದ್ಧವಾಗಲು 1000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಪಾಚಿಗೆ ನಾನು ಕಲಸುವುದು 10 ಲೀಟರಿಗೆ 150 ಗ್ರಾಂ. ಕುಡಿಯುವ ನೀರಿಗಿಂತ 6000 ಪಟ್ಟು ಕಟು. ಅಂದರೆ ಒಂದು ಬಕೆಟ್ ಮದ್ದನ್ನು ಬರೀ ನೀರು ಹೊಯ್ದೇ ಆ ಮಟ್ಟಕ್ಕೆ ತರಬೇಕಾದರೆ 6000 ಬಕೆಟ್ ಬೇಕು. ನಾಲ್ಕು ಕೊಡ ನೀರು ಹೊಯ್ದು ‘ತೊಳೆದು ಹೋತು ಬಿಡ್ರಿ’ ಅನ್ನುವವರಿಗೆ ಈ ಲೆಕ್ಕ ಹೇಳುತ್ತಿರುತ್ತೇನೆ. ಪುಣ್ಯಕ್ಕೆ ಕ್ಲೋರಿನ್ನಿಗೆ ಬೇರೆ ಶತ್ರುಗಳಿದ್ದಾರೆ. ಬಿಸಿಲು ಅದನ್ನು ಮುರಿಯುತ್ತದೆ. ಕಳಿತ ಎಲೆ, ಹಳೇ ಗೊಬ್ಬರ ಅದನ್ನು ತಿಂದು ಹಾಕುತ್ತವೆ. ಎಲೆಯ ಮೇಲೆ ಬಿದ್ದರೆ ಎಲೆಯನ್ನು ಸುಡುವ ಶಕ್ತಿಯೇ ಗೊಬ್ಬರದ ಗುಂಡಿಗೆ ಬಿದ್ದರೆ ಕಸವನ್ನು ಸುಟ್ಟು ತಾನೂ ತೀರಿಹೋಗುತ್ತದೆ. ಆದರೆ ಹಸೀ ಸಗಣಿಗೂ ಗಂಜಲಕ್ಕೂ ಅದನ್ನು ಸೇರಿಸಬಾರದು, ಕಣ್ಣುರಿಸುವ ಹೊಗೆ ಏಳುತ್ತದೆ.

ಈಗ ನನ್ನ ಪದ್ಧತಿ ಹೀಗೆ. ಗಾಳಿಯಿಲ್ಲದ, ಮೋಡ ಮುಸುಕಿದ ಬೆಳಗು ಆರಿಸಿಕೊಳ್ಳುತ್ತೇನೆ. ಹಿಂದಿನ ಸಂಜೆಯೇ ಸೂರಂಚಿನ ಕೆಳಗಿನ ಮಣ್ಣಿಗೆ ಸಾಕು ಸಾಕೆನ್ನುವಷ್ಟು ನೀರುಣಿಸುತ್ತೇನೆ. ಹೊಟ್ಟೆ ತುಂಬಿದ ಮಣ್ಣು ಮೇಲಿಂದ ಬಿದ್ದದ್ದನ್ನು ಬೇಗ ಹೀರುವುದಿಲ್ಲ, ಬಾಯಾರಿದ ಬೇರು ಮಾತ್ರ ಸಿಕ್ಕಿದ್ದನ್ನೆಲ್ಲ ಕುಡಿಯುತ್ತದೆ. ಬೆಳಿಗ್ಗೆ ಎಲೆಗಳನ್ನೂ ತೋಯಿಸುತ್ತೇನೆ. ಅವ್ವ ನೆಟ್ಟ ಮಲ್ಲಿಗೆ ಗೂಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಕೆಲಸ ಮುಗಿದ ಕೂಡಲೇ ತೆಗೆಯುತ್ತೇನೆ. ಬಿಸಿಲೇರಿದ ಮೇಲೂ ಬಿಟ್ಟರೆ ಹಾಳೆಯೊಳಗೆ ಗಿಡ ಬೇಯುತ್ತದೆ, ಮದ್ದಿನಿಂದ ಉಳಿಸಿ ಸೆಕೆಯಿಂದ ಕೊಂದ ಹಾಗಾಗುತ್ತದೆ. ತುಳಸಿ ಕುಂಡವನ್ನು ಪಡಸಾಲೆಗೆ ಎತ್ತಿಡುವುದು ಅವ್ವನ ಕಾಲದಿಂದಲೂ ಇದ್ದ ರೂಢಿ. ಮಾವಿನ ಗಿಡದ ಬಗ್ಗೆ ವಿಶೇಷ ಕಾಳಜಿ, ಹಾನಗಲ್ಲಿನವರಿಗೆ ಮಾವು ಮನೆಯ ಮಗುವಿದ್ದಂತೆ. ಅದಕ್ಕೆ ಉಪ್ಪು ಆಗದು, ಕ್ಲೋರೈಡ್ ಹೆಚ್ಚಾದರೆ ಎಲೆಯ ತುದಿ ಕರಕಲಾಗುತ್ತದೆ. ಅಂಗಳದ ಗರಿಕೆ ಗಟ್ಟಿ ಜೀವ. ಮೇಲೆ ಕಂದಿದರೂ ಬಳ್ಳಿಬೇರಿನಿಂದ ಮತ್ತೆ ಹಸಿರಾಗುತ್ತದೆ, ಚೌತಿಗೆ ಇಪ್ಪತ್ತೊಂದು ಎಸಳು ಕೊಡಲು ತಯಾರಾಗಿರುತ್ತದೆ.

ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ ಅರ್ಧ ಗಂಟೆ ಬಿಡುತ್ತೇನೆ. ಸುಣ್ಣದಂಥ ಚರಟ ತಳಕ್ಕಿಳಿಯುತ್ತದೆ, ಮೇಲಿನ ತಿಳಿ ಮಾತ್ರ ನನಗೆ ಬೇಕಾದದ್ದು. ಚರಟ ಗಿಡದ ಬುಡಕ್ಕೆ ಬಿದ್ದರೆ ಮಣ್ಣು ಸುಣ್ಣವೇರಿ ಕಬ್ಬಿಣದಂಶ ಬೇರಿಗೆ ದಕ್ಕದೆ ಮಲ್ಲಿಗೆ ಎಲೆ ಹಳದಿಯಾಗುತ್ತದೆ. ತಿಳಿಯನ್ನು ಎರಚುವುದಿಲ್ಲ, ಬಟ್ಟೆಯಲ್ಲದ್ದಿ ಪಾಚಿಯಿದ್ದಲ್ಲಿ ಮಾತ್ರ ಒತ್ತುತ್ತೇನೆ. ಕಾಲು ಗಂಟೆಗೆ ಹಸಿರು ಬಿಳಿಚುತ್ತದೆ. ಬ್ರಷ್ಷಿನಿಂದ ತಿಕ್ಕಿ, ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು ತೊಳೆಯುತ್ತೇನೆ. ಸೂರಂಚಿನ ತಗಡಿನ ದೋಣಿಯ ಬಾಯಿಗೆ ಅಂದು ಉದ್ದನೆಯ ಪೈಪು ಕಟ್ಟಿ, ಗಿಡಗಳಿಂದ ದೂರ ತೋಡಿದ ಗುಂಡಿಗೆ ಬಿಡುತ್ತೇನೆ. ಗುಂಡಿಯ ತುಂಬ ಒಣ ಎಲೆ, ಹಳೇ ಗೊಬ್ಬರ. ಸಂಜೆ ಹತ್ತಿರ ಹೋಗಿ ಮೂಸಿದರೆ ಬ್ಲೀಚಿನ ವಾಸನೆ ಇರುವುದಿಲ್ಲ, ಮಣ್ಣಿನದಷ್ಟೇ. ಆ ವಾಸನೆಗಾಗಿ ನಾನು ವರ್ಷವಿಡೀ ಕಾಯುತ್ತೇನೆ.

ಶಿಗ್ಗಾವಿ ಕಡೆಯ ಅಜ್ಜಿಯ ಮನೆಗೆ ಇದಾವುದೂ ಬೇಕಿರಲಿಲ್ಲ. ಅದು ಮಣ್ಣಿನ ಮಾಳಿಗೆ. ಸೋರುವ ಮಾಳಿಗೆಯನ್ನು ಕಂಡು ಮನುಷ್ಯನ ಒಳಗನ್ನೇ ಹಾಡಿದ ಷರೀಫರು (1819–1889) ಬಾಳಿದ ಶಿಶುನಾಳ ಅದೇ ತಾಲೂಕಿನದು. ಆ ಸೀಮೆಯ ಮಕ್ಕಳಿಗೆ ಮಾಳಿಗೆ ಎಂದರೆ ಬರೀ ಛಾವಣಿಯಲ್ಲ. ಮಳೆಗಾಲಕ್ಕೆ ಮುಂಚೆ ಅಜ್ಜ ಗಾಡಿಯಲ್ಲಿ ಸವುಳು ಮಣ್ಣು ತರಿಸಿ ಮೇಲೆ ಹರಡಿಸುತ್ತಿದ್ದ. ತೊಯ್ದರೆ ಅಂಟಾಗಿ ಬಿಗಿಯುವ ಮಣ್ಣು ಅದು, ನೀರು ಇಳಿಯಗೊಡದು, ಹುಲ್ಲು ಹುಟ್ಟಗೊಡದು. ಮಾಳಿಗೆಯ ಕಲ್ಲಿನ ದೋಣಿಯ ಕೆಳಗೆ ಒಂದು ಹಾಸುಗಲ್ಲು ಬಿಟ್ಟರೆ ಏನೂ ಇರಲಿಲ್ಲ. ಬಸಳೆ, ಹೀರೆ, ಕಾಕಡಾ ಎಲ್ಲ ಇನ್ನೊಂದು ಮಗ್ಗುಲಿಗೆ. ಯಾಕಜ್ಜೀ ಇಲ್ಲಿ ಏನೂ ಹಚ್ಚಿಲ್ಲ ಎಂದು ಕೇಳಿದ್ದಕ್ಕೆ ‘ಮಾಳಗಿ ನೀರು ಗಿಡಕ್ಕ ಒಗ್ಗೂದಿಲ್ಲೋ ಕೂಸ, ಉಪ್ಪಿರತೈತಿ’ ಎಂದಿದ್ದಳು. ನಾನು ಲೆಕ್ಕ ಹಾಕಿ, ಅಕ್ಕನ ಬಳ್ಳಿ ಕಳೆದುಕೊಂಡು ತಿಳಿದದ್ದನ್ನು ಅವಳು ಮನೆ ಕಟ್ಟುವಾಗಲೇ ತಿಳಿದಿದ್ದಳು.

ಹಿರೇಕೆರೂರಿನ ಮಾವನ ಮನೆಯಲ್ಲಿ ಹಿತ್ತಲಿಲ್ಲ, ಗಿಡವಿಲ್ಲ. ಹಾಗಾಗಿ ಚಿಂತೆಯಿಲ್ಲ ಎಂದು ಮಾವ ವಾದಿಸಿದರು. ಆದರೆ ಹೆಸರಿನಲ್ಲೇ ಕೆರೆ ಹೊತ್ತ ಊರದು, ದುರ್ಗಾದೇವಿ ಕೆರೆ ಊರಿಗೆ ಅಂಟಿಕೊಂಡೇ ಇದೆ. ತಗ್ಗಿಗೆ ಹರಿದ ನೀರು ಕೆರೆ ಹುಡುಕುತ್ತದೆ. ಕ್ಲೋರಿನ್ ಗಿಡಕ್ಕಿಂತ ಮೊದಲು ಮೀನಿನ ಕಿವಿರು ಸುಡುತ್ತದೆ. ‘ಮಾವಾ, ನಿಮ್ಮ ಹಿತ್ತಲು ಅದ ಅಲ್ರಿ, ಆ ಕೆರಿ’ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಒಳಗೆ ಹೋಗಿ ನಾರಿನ ಬ್ರಷ್ಷು ತಂದರು. ಅಂದು ಮಧ್ಯಾಹ್ನದವರೆಗೆ ಇಬ್ಬರೂ ಕೂತು ತಾರಸಿಯನ್ನು ಒಣಗಿದ್ದ ಹಾಗೆಯೇ ತಿಕ್ಕಿದೆವು. ಮದ್ದು ಬೇಕಾಗಲಿಲ್ಲ.

ಈ ಸಲವೂ ಮೃಗಶಿರದ ಮೊದಲ ಹನಿ ಬೀಳುವ ಮುನ್ನ ನಿಮ್ಮಲ್ಲಿ ಹಲವರು ತಾರಸಿ, ಮಾಡು ತೊಳೆಸುತ್ತೀರಿ. ಕೆಲಸದವರು ಮೇಲೆ ಹತ್ತುವ ಮೊದಲು ನೀವೊಮ್ಮೆ ಕೆಳಗೆ ಹೋಗಿ, ಕೊಳವೆಯ ನೀರು ಎಲ್ಲಿ ಬೀಳುತ್ತದೆ, ಅಲ್ಲಿ ಏನು ಬೆಳೆದಿದೆ ಎಂದು ನೋಡಿ ಬನ್ನಿರಿ.