ಪದ್ಮಿನಿಗೆ ಯಾವ ಬುಷ್?

ನೀವೀಗ ಬೆಂಗಳೂರಿನ ಹಳೇ ಗ್ಯಾರೇಜೊಂದರ ಪಿಟ್‌ನಲ್ಲಿ ನಿಂತಿದ್ದೀರಿ. ತಲೆಯ ಮೇಲೆ ನಿಮ್ಮ ಪ್ರೀಮಿಯರ್ ಪದ್ಮಿನಿ, ನಾಲ್ಕು ಚಕ್ರದ ಮೇಲೂ ಭಾರ ಬಿಟ್ಟು ನಿಂತಿದೆ. ಗೇರ್ ಆಯಿಲ್ ಘಾಟು ಮೂಗಿಗೆ ಅಡರುತ್ತಿದೆ, ಒಣಗಿದ ಕೆಸರು ಕತ್ತಿನ ಮೇಲೆ ಉದುರುತ್ತಿದೆ. ಹಂಪ್ ದಾಟಿದಾಗಲೆಲ್ಲ ಹಿಂದೆ ಟಕ್ ಅನ್ನುತ್ತದೆ, ಶಾಕ್ ಅಬ್ಸಾರ್ಬರ್ ಹೋಗಿರಬೇಕು ಎಂದು ಬಂದವರು ನೀವು.

"ಶಾಕು ಚೆನ್ನಾಗಿದೆ ಸಾರ್. ಇಲ್ಲಿ ನೋಡಿ," ಎಂದು ಮೇಸ್ತ್ರಿ ಟಾರ್ಚನ್ನು ಲೀಫ್ ಸ್ಪ್ರಿಂಗಿನ ಮುಂತುದಿಗೆ ಹಿಡಿಯುತ್ತಾರೆ. ಸ್ಪ್ರಿಂಗಿನ ಕಣ್ಣಿಗೂ ಬ್ರಾಕೆಟ್ಟಿಗೂ ನಡುವೆ ರಾಡ್ ತೂರಿಸಿ ಮೀಟುತ್ತಾರೆ. ಅದೇ ಟಕ್. ಬೋಲ್ಟು ಕಣ್ಣಿನ ನಟ್ಟನಡುವೆ ಇರಬೇಕಿತ್ತು. ಈಗ ಕೆಳಕ್ಕೆ ಕೂತುಬಿಟ್ಟಿದೆ. ಮೇಲೆ ಬರೀ ಸಂದು, ಕೆಳಗೆ ನಲುಗಿ ತೆಳ್ಳಗಾದ ರಬ್ಬರ್.

ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ, ಸ್ಪ್ರಿಂಗ್ ಬಿಚ್ಚಿ, ಕಣ್ಣಿನೊಳಗಿನ ಬುಷ್ಷನ್ನು ಪ್ರೆಸ್‌ನಲ್ಲಿ ಒತ್ತಿ ಹೊರತೆಗೆಯುತ್ತಾರೆ. ಕೈಗೆ ತೆಗೆದುಕೊಳ್ಳಿ. ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ಎರಡರ ನಡುವೆ ರಬ್ಬರ್. ಗ್ಯಾರೇಜಿನವರ ಬಾಯಲ್ಲಿ ಇದು ಸೈಲೆಂಟ್ ಬ್ಲಾಕ್. ಬಳೆಯ ಅಂಚಿನಲ್ಲಿ ರಬ್ಬರ್ ಸುತ್ತಲೂ ಬಿರಿದಿದೆ, ಬಿರುಕಿನೊಳಗೆ ತುಕ್ಕಿನ ಕೆಂಪು ಪುಡಿ. ಬೆರಳಲ್ಲಿ ಉಜ್ಜಿದರೆ ಕರಿ ಹುಡಿ ಮೆತ್ತುತ್ತದೆ.

ಮೇಸ್ತ್ರಿ ಬೆಂಚಿನ ಮೇಲೆ ಎರಡು ಹೊಸ ಬುಷ್ ಇಡುತ್ತಾರೆ. ಒಂದು ಕಪ್ಪು ರಬ್ಬರಿನದು. ಇನ್ನೊಂದು ಕೆಂಪು ಪಾಲಿಯುರೆಥೇನಿನದು, ಎರಡು ಹೋಳು ಮತ್ತು ನಡುವೆ ತೂರಿಸುವ ಸ್ಲೀವ್. ಉಗುರಿನಿಂದ ಒತ್ತಿ ನೋಡಿ. ರಬ್ಬರ್ ತಗ್ಗಿ ಮತ್ತೆ ಏಳುತ್ತದೆ. ಕೆಂಪು ಬುಷ್ ಜಪ್ಪಯ್ಯ ಅನ್ನುವುದಿಲ್ಲ. ಶೋರ್ ಎ ಅಳತೆಯಲ್ಲಿ ರಬ್ಬರಿನ ಗಡಸು ಸಾಮಾನ್ಯವಾಗಿ 60ರ ಆಸುಪಾಸು, ಪಾಲಿಯುರೆಥೇನಿನದು 80ರಿಂದ 95.

"ಕೆಂಪು ಹಾಕಿದ್ರೆ ಮತ್ತೆ ಬಿಚ್ಚೋದೇ ಬೇಡ ಅಂತಾರಲ್ಲ ಮೇಸ್ತ್ರಿ?"

"ಬುಷ್ ಬಾಳುತ್ತೆ ಸಾರ್. ಅದನ್ನ ಹಿಡ್ಕೊಂಡಿರೋ ತಗಡು ಬಾಳ್ಬೇಕಲ್ಲ."

ಈ ಮಾತಿನಲ್ಲಿ ಹುರುಳಿದೆ. ರಬ್ಬರ್ ಬುಷ್‌ನಲ್ಲಿ ಯಾವುದೂ ಜಾರುವುದಿಲ್ಲ. ಒಳಕೊಳವೆಯನ್ನು ಬೋಲ್ಟು ಬ್ರಾಕೆಟ್ಟಿಗೆ ಕಚ್ಚಿಸಿರುತ್ತದೆ, ಹೊರಬಳೆ ಕಣ್ಣಿನಲ್ಲಿ ಬಿಗಿಯಾಗಿ ಕೂತಿರುತ್ತದೆ. ಸ್ಪ್ರಿಂಗ್ ಆಡಿದಷ್ಟೂ ರಬ್ಬರ್ ತನ್ನೊಳಗೇ ತಿರುಚಿಕೊಂಡು ಹಿಂದಕ್ಕೆ ಬರುತ್ತದೆ. ಒಂದೇ ಚಕ್ರ ಗುಂಡಿಗೆ ಬಿದ್ದಾಗ ಆಕ್ಸಲ್ ಓರೆಯಾಗಿ ಸ್ಪ್ರಿಂಗ್ ಮಗ್ಗುಲಿಗೆ ತಿರುಚುತ್ತದೆ. ರಬ್ಬರ್ ಅದಕ್ಕೂ ಬಗ್ಗಿಕೊಡುತ್ತದೆ. ಪಾಲಿಯುರೆಥೇನ್ ಸ್ಲೀವಿನ ಸುತ್ತ ಸಲೀಸಾಗಿ ತಿರುಗುತ್ತದೆ, ನಿಜ. ಆದರೆ ಮಗ್ಗುಲಿನ ತಿರುಚುವಿಕೆಗೆ ಅಷ್ಟಾಗಿ ಬಗ್ಗದು. ಆ ಏಟೆಲ್ಲ ಬ್ರಾಕೆಟ್ಟಿಗೆ ಹೋಗುತ್ತದೆ. ಪದ್ಮಿನಿಯ ಮೂಲ 1953ರ ಫಿಯಟ್ 1100. ಅದಕ್ಕೆ ಬೇರೆ ಚೆಸ್ಸಿ ಇಲ್ಲ, ಬಾಡಿಯೇ ಚೆಸ್ಸಿ. ಹಾಗಾಗಿ ಕೆಂಪು ಬುಷ್ ಹಾಕಿದರೆ ರಸ್ತೆಯ ನಡುಕ ನೇರ ಸೀಟಿಗೆ ಬರುತ್ತದೆ, ದಶಕಗಳಿಂದ ತುಕ್ಕು ತಿಂದ ತಗಡು ಬೋಲ್ಟಿನ ಸುತ್ತ ಬಿರಿಯತೊಡಗುತ್ತದೆ. ಗ್ರೀಸ್ ಒಣಗಿ ಧೂಳು ಹೊಕ್ಕರೆ ಕಿರುಗುಟ್ಟುವುದೂ ಇದೇ ಬುಷ್.

ಹಾಗೆಂದು ಕೆಂಪು ಬುಷ್ಷನ್ನು ವಾಪಸ್ ಮಾಡಬೇಡಿ. ಗಾಡಿಯ ಮುಂಭಾಗಕ್ಕೆ ಬನ್ನಿ. ಎಂಜಿನ್ ಆಯಿಲ್ ಸೋರಿ ಸ್ಟೆಬಿಲೈಜರ್ ಬಾರಿನ ರಬ್ಬರ್ ಉಬ್ಬಿ ಮೆತ್ತಗಾಗಿದೆ. ಆಯಿಲ್ ರಬ್ಬರಿಗೆ ಶತ್ರು. ಪಾಲಿಯುರೆಥೇನ್ ಅದಕ್ಕೆ ಅಷ್ಟು ಸುಲಭವಾಗಿ ಸೋಲುವುದಿಲ್ಲ. ಇಲ್ಲಿ ಬಾರ್ ಮಾಡುವ ಕೆಲಸವೇ ತಿರುಗುವುದು. ಗಟ್ಟಿ ಬುಷ್ ಹಾಕಿದರೆ ತಿರುವಿನಲ್ಲಿ ಬಾಡಿ ವಾಲತೊಡಗಿದ ಕೂಡಲೇ ಬಾರ್ ಎಳೆದು ಹಿಡಿಯುತ್ತದೆ. ಸಿಲಿಕೋನ್ ಗ್ರೀಸ್ ಧಾರಾಳವಾಗಿ ಸವರಿಸಿ.

ಇತ್ತ ಹಿಂದೆ, ಸ್ಪ್ರಿಂಗಿನ ಕಣ್ಣೊಳಗೆ ಹೊಸ ರಬ್ಬರ್ ಬುಷ್ ಕೂತಿತು. ಗಾಡಿ ಇನ್ನೂ ಸ್ಟ್ಯಾಂಡಿನ ಮೇಲೆ, ಹಿಂದಿನ ಚಕ್ರಗಳು ಗಾಳಿಯಲ್ಲಿ ತೂಗುತ್ತಿವೆ. ಹೆಲ್ಪರ್ ಸ್ಪ್ಯಾನರ್ ಹಿಡಿದು ಬೋಲ್ಟಿಗೆ ಬಲ ಹಾಕಹೊರಟಾಗ ಮೇಸ್ತ್ರಿ ತಡೆಯುತ್ತಾರೆ: "ಈಗ್ಲೇ ಟೈಟ್ ಮಾಡ್ಬೇಡ, ಗಾಡಿ ಕೆಳಗಿಳೀಲಿ." ಸ್ಪ್ರಿಂಗ್ ಜೋತುಬಿದ್ದಿರುವಾಗ ಬಿಗಿದರೆ ಆ ಸ್ಥಿತಿಯೇ ರಬ್ಬರಿಗೆ ಸಹಜವೆಂದು ನಿಂತುಬಿಡುತ್ತದೆ. ಆಮೇಲೆ ಗಾಡಿ ಇಳಿಸಿದಾಗ, ಸುಮ್ಮನೆ ನಿಂತಿದ್ದರೂ ಅದು ತಿರುಚಿಕೊಂಡೇ ಇರುತ್ತದೆ. ಹಾಗೆ ಬಿಗಿದ ಬುಷ್ ಬೇಗ ಹರಿಯುತ್ತದೆ, ಬೈಗುಳ ಮಾತ್ರ ರಬ್ಬರಿಗೆ.

ಜ್ಯಾಕ್ ಇಳಿಯಿತು. ಮೇಸ್ತ್ರಿ ಹಿಂಭಾಗವನ್ನು ಎರಡು ಸಲ ಕುಲುಕಿ, ಪಿಟ್ಟಿಗಿಳಿದು, ಈಗ ಬೋಲ್ಟು ಬಿಗಿಯುತ್ತಾರೆ.

ರೇಸ್ ಟ್ರ್ಯಾಕಿಗೆ ಇಳಿಸುವ ಗಾಡಿಗೆ ಎಲ್ಲ ಕಡೆ ಪಾಲಿಯುರೆಥೇನ್ ಹಾಕಲಿ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವ ಪದ್ಮಿನಿಗೆ ಸ್ಪ್ರಿಂಗಿಗೂ ಸಸ್ಪೆನ್ಷನ್ ಆರ್ಮ್‌ಗಳಿಗೂ ರಬ್ಬರೇ ಸರಿ, ಸ್ಟೆಬಿಲೈಜರಿಗೆ ಮಾತ್ರ ಪಾಲಿ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬುಷ್ ಕೊಳ್ಳುವಾಗ ಹಳೇ ಸ್ಟಾಕ್ ಬೇಡ. ರಬ್ಬರ್ ಅಂಗಡಿಯ ಕಪಾಟಿನಲ್ಲಿದ್ದರೂ ಮುಪ್ಪಾಗುತ್ತದೆ. ಬೋಲ್ಟು ಬಿಗಿಯುವ ಹೊತ್ತಿಗೆ ಗ್ಯಾರೇಜಿನಲ್ಲೇ ಇರಿ, ಚಕ್ರಗಳು ನೆಲದ ಮೇಲಿವೆಯೇ ಎಂದು ಕಣ್ಣಾರೆ ನೋಡಿ.